ಯಂತ್ರದ ಹೊಟ್ಟೆ ಮತ್ತು ಬಸಲಿಂಗವ್ವನ ಉಪ್ಪು

ನನ್ನ ಬಗ್ಗೆ ಯಾರು ಏನೇ ಹೇಳಲಿ, ನಮ್ಮ ಊರಿನಲ್ಲಿ ನಿಮಿಷಕ್ಕೆ ತೊಂಬತ್ತು ಪದ ಟೈಪು ಮಾಡುವವಳು ನಾನೊಬ್ಬಳೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವುದೆಲ್ಲ ನನ್ನ ಮಾನ ಕಳೆಯುವ ಸಂಗತಿಯೇ. ಟೈಪಿಂಗ್ ಪರೀಕ್ಷೆಯಲ್ಲಿ ನನಗೆ ಬಂಗಾರದ ಪದಕ ಬಂದಿತ್ತು. ಅದರಲ್ಲಿ ಬಂಗಾರ ಇಲ್ಲವೆಂದು ಆಮೇಲೆ ಅಕ್ಕಸಾಲಿಗ ಹೇಳಿದ, ಆ ಮಾತು ಬೇರೆ. ಆ ಪದಕ ನೋಡಿಯೇ ಪುರಸಭೆಯವರು ನನ್ನನ್ನು ಕರೆದು ಯಂತ್ರದ ಮುಂದೆ ಕೂರಿಸಿದರು. ಕೂತು ಹತ್ತೊಂಬತ್ತು ವರ್ಷವಾಯಿತು.

ಯಂತ್ರವೆಂದರೆ ದೊಡ್ಡದೇನಲ್ಲ. ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರ, ಕೆಳಗೊಂದು ಕೀಲಿಮಣೆ. ಯುಗಾದಿ ಕಳೆದ ವಾರ ಊರಿನ ಪ್ರತಿಯೊಬ್ಬರೂ ಬಂದು ಅದರ ಮುಂದಿನ ಸ್ಟೂಲಿನ ಮೇಲೆ ಕೂರಬೇಕು. ಅದು ಒಂದೊಂದೇ ಪ್ರಶ್ನೆ ಕೇಳುತ್ತದೆ. ಹೆಸರು ಇದೇ ಇರಲೇ? ಮನೆ ಇದ್ದಲ್ಲೇ ಇರಲೇ? ನೆರಳು ಜೊತೆಗಿರಲೇ? ನಿದ್ದೆ ಈಗಿನಷ್ಟೇ ಇರಲೇ? ಹೌದು ಎನ್ನಬೇಕಾದರೆ 'ಹ' ಕೀಲಿ, ಇಲ್ಲ ಎನ್ನಬೇಕಾದರೆ 'ಇ' ಕೀಲಿ. ಕೂತವರ ಪರವಾಗಿ ಒತ್ತುವುದು ನನ್ನ ಕೆಲಸ. ಒತ್ತಿದ್ದು ಒತ್ತಿದಂತೆ ಆಗುತ್ತದೆ, ಅದೂ ಕೂತವರು ಎದ್ದು ಪುರಸಭೆಯ ಮೆಟ್ಟಿಲು ಇಳಿಯುವುದರೊಳಗೆ. ಮತ್ತೆ ಮಾತಾಡಬೇಕೆಂದರೆ ಮುಂದಿನ ಯುಗಾದಿಯೇ.

ಇದರಿಂದ ಕಷ್ಟವಾಗಲಿಲ್ಲವೇ ಎಂದರೆ, ಆಯಿತು. ಜನ ಹೊಂದಿಕೊಂಡರು. ಬಟ್ಟೆ ಅಂಗಡಿಯ ಗುರುಪಾದಪ್ಪ ಒಂದು ವರ್ಷ ಅವಸರದಲ್ಲಿ ತಾನೇ ಕೈ ಹಾಕಿ ಏನೋ ಒತ್ತಿದ. ಮನೆಗೆ ಹೋಗಿ ನೋಡಿದರೆ ಮುಂಬಾಗಿಲು ಹಿತ್ತಲಿಗೆ ಹೋಗಿ ಕೂತಿತ್ತು. ಅವನ ಮನೆಗೆ ಹೋಗುವವರು ಈಗಲೂ ದನದ ಕೊಟ್ಟಿಗೆ ದಾಟಿಕೊಂಡೇ ಹೋಗುತ್ತಾರೆ. ಮಗಳನ್ನು ನೋಡಲು ಬಂದ ಬೀಗರಿಗೂ ಎಮ್ಮೆಯ ಪರಿಚಯ ಮೊದಲು ಆಯಿತು, ಹೆಣ್ಣಿನ ಪರಿಚಯ ಆಮೇಲೆ.

ಈಗ ನನ್ನ ಬೆರಳಿಗೆ ಬರುತ್ತೇನೆ. ವರ್ಷ ವರ್ಷವೂ ಅವೇ ಏಳು ಪ್ರಶ್ನೆ, ಅವೇ ಏಳು ಉತ್ತರ. ಇದ್ದದ್ದು ಇದ್ದಂತೆ ಇರಲಿ ಅನ್ನುವವರೇ ಎಲ್ಲ. ಮೊದಲ ನಾಲ್ಕಕ್ಕೆ ಹ. ಐದನೆಯದು, ನಾಲಿಗೆಯ ರುಚಿಗಳಲ್ಲಿ ಒಂದನ್ನು ತೆಗೆಯಲೇ, ಅದಕ್ಕೆ ಇ. ಆಮೇಲೆ ನೆನಪಿಟ್ಟುಕೊಳ್ಳಲೇ, ಮುಗಿಸಲೇ, ಎರಡಕ್ಕೂ ಹ. ಯಂತ್ರವೋ, ಪ್ರತಿ ಪ್ರಶ್ನೆಗೂ ಮೊದಲು ಮೂರು ಚುಕ್ಕೆ ಮಿಣುಕಿಸುತ್ತ ಎಲೆ ಅಡಿಕೆ ಅಗಿಯುವಷ್ಟು ಹೊತ್ತು ಯೋಚಿಸುತ್ತದೆ. ತೊಂಬತ್ತು ಪದದವಳು ಅಷ್ಟು ಹೊತ್ತು ಸುಮ್ಮನೆ ಕೂರುವುದುಂಟೇ? ಚುಕ್ಕೆ ಮಿಣುಕುವಾಗಲೇ ನಾನು ಹಹಹಹ ಇ ಹಹ ಎಂದು ಏಳನ್ನೂ ಟಕಟಕ ಒತ್ತಿಬಿಡುತ್ತಿದ್ದೆ. ಯಂತ್ರ ಅವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು, ಒಂದೊಂದು ಪ್ರಶ್ನೆ ಕೇಳಿದಾಗ ಒಂದೊಂದನ್ನು ತೆಗೆದು ಉತ್ತರವೆಂದು ತಿಳಿಯುತ್ತಿತ್ತು. ನಾನು ಅಷ್ಟರಲ್ಲಿ ಚಹಾ ಕುಡಿದಿರುತ್ತಿದ್ದೆ. ಜನ ಬಾಯಿ ಮೇಲೆ ಬೆರಳಿಟ್ಟು ನೋಡುತ್ತಿದ್ದರು. ನನಗೂ ಅದು ಬೇಕಾಗಿತ್ತು ಅನ್ನಿ.

ಎರಡು ವರ್ಷದ ಹಿಂದೆ ಮೊದಲನೆಯ ದಿನ ಮೊದಲು ಬಂದು ಕೂತವಳು ಬಸಲಿಂಗವ್ವ. ನಿಲ್ದಾಣದ ಎದುರಿನ ಖಾನಾವಳಿ ಅವಳದು. ಅವಳ ಕೈಯ ಕಾಳುಪಲ್ಯ, ಸಾರು ಉಂಡವರು ಮನೆಯ ಊಟಕ್ಕೆ ಹೆಸರಿಡುತ್ತಿದ್ದರು, ಅದರಿಂದ ಎಷ್ಟೋ ಮನೆಗಳಲ್ಲಿ ಜಗಳವೂ ಆಗಿತ್ತು. ಒಲೆಯ ಮೇಲೆ ಬೇಳೆ ಇಟ್ಟು ಬಂದೀನಿ, ಲಗೂ ಮುಗಿಸು ಅಂದಳು. ನಾನು ಏಳೂ ಒತ್ತಿ ಚಹಾ ತರಿಸಿಕೊಂಡೆ. ಆ ವರ್ಷ ಯಂತ್ರದಲ್ಲಿ ಹೊಸದೊಂದು ಪ್ರಶ್ನೆ ಸೇರಿತ್ತು. ಯಾರು ಸೇರಿಸುತ್ತಾರೋ ದೇವರೇ ಬಲ್ಲ. ರುಚಿಯ ಪ್ರಶ್ನೆಗಿಂತ ಮೊದಲು, ಬಿಕ್ಕಳಿಕೆ ಬೇಕೇ ಎಂದು ಅದು ಕೇಳಿತು. ರುಚಿಗೆಂದು ನಾನು ಒತ್ತಿದ್ದ ಇ ಬಿಕ್ಕಳಿಕೆಗೆ ಹೋಯಿತು. ರುಚಿ ತೆಗೆಯಲೇ ಎಂದಾಗ ಮುಂದಿನ ಹ ಸಿಕ್ಕಿತು. ಯಾವ ರುಚಿ, ಒಂದು ಉಪ್ಪು, ಎರಡು ಹುಳಿ, ಮೂರು ಖಾರ ಎಂದು ಪಟ್ಟಿ ಬಂತು. ಅದಕ್ಕೆ ಕೊನೆಯ ಹ ಸಿಕ್ಕಿತು. ಅಂಕಿ ಬಿಟ್ಟು ಬೇರೇನು ಒತ್ತಿದರೂ ಮೊದಲನೆಯದು ಎಂದೇ ಯಂತ್ರದ ತಿಳಿವಳಿಕೆ. ಪರದೆಯ ಕಡೆ ನಾನು ಕಣ್ಣೆತ್ತಿ ನೋಡುವಾಗ, ಉಪ್ಪು ತೆಗೆಯಲಾಗಿದೆ ಎಂಬ ಸಾಲು ತಣ್ಣಗೆ ಕೂತಿತ್ತು. ಉಳಿದೆರಡು ಪ್ರಶ್ನೆಗೆ ಏನು ಒತ್ತಿದರೂ ತೆಗೆದದ್ದು ತಿರುಗಿ ಬರುವಂತಿರಲಿಲ್ಲ. ಬಸಲಿಂಗವ್ವ ಆಗಲೇ ಸೆರಗು ಕೊಡವಿ ಮೆಟ್ಟಿಲು ಇಳಿದಿದ್ದಳು.

ಹೇಳಬೇಕಿತ್ತು. ಆ ಕ್ಷಣ ಓಡಿಹೋಗಿ, ಯವ್ವಾ, ನನ್ನಿಂದ ಹಿಂಗಾತು ಅನ್ನಬೇಕಿತ್ತು. ಅನ್ನಲಿಲ್ಲ. ಸಂಜೆ ಅವಳೇ ಗಾಬರಿಯಿಂದ ಬಂದು, ಸಾರು ಸಪ್ಪಗ ಹತ್ತಾಕತ್ತೈತಿ, ಏನಾತು ನೋಡು ಅಂದಾಗ, ಯಂತ್ರದ್ದು ಏನೋ ಲೆಕ್ಕ ತಪ್ಪಿರಬೇಕು, ಮುಂದಿನ ವರ್ಷ ವಾಪಸ್ ಕೇಳೋಣ ಅಂದೆ. ಯಂತ್ರಕ್ಕೆ ಬಾಯಿಲ್ಲ, ಅದು ನನ್ನನ್ನು ಬಿಟ್ಟುಕೊಡಲಿಲ್ಲ. ಒಂದು ಲಾಭ ಮಾತ್ರ ಆಗಿತ್ತು, ಬಸಲಿಂಗವ್ವನಿಗೆ ಆ ದಿನದಿಂದ ಬಿಕ್ಕಳಿಕೆ ಬರಲಿಲ್ಲ. ನಾನು ಅದನ್ನು ಎರಡು ಸಲ ಅವಳಿಗೆ ನೆನಪು ಮಾಡಿದೆ.

ಮುಂದಿನ ಯುಗಾದಿಗೆ ಅವಳು ಮತ್ತೆ ಬಂದಳು. ಈ ಸಲ ನಾನು ಕೈ ಮಡಿಚಿಕೊಂಡೇ ಕೂತಿದ್ದೆ. ಆದರೆ ಸಾಲಿನಲ್ಲಿ ಅವಳ ಬೆನ್ನಿಗೇ ಗುರುಪಾದಪ್ಪ ನಿಂತಿದ್ದ. ನಮ್ಮ ಊರಿನಲ್ಲಿ ಅವನಷ್ಟು ಅವಸರದವನು ಇನ್ನೊಬ್ಬನಿಲ್ಲ, ಹುಟ್ಟಿದ್ದೂ ಏಳನೇ ತಿಂಗಳಿಗಂತೆ. ಎಷ್ಟೊತ್ತು, ಎಷ್ಟೊತ್ತು ಎಂದು ಛತ್ರಿಯ ತುದಿಯಿಂದ ಮೇಜು ಕುಟ್ಟುತ್ತಿದ್ದ. ಒಂದು ಸಲ ಛತ್ರಿ ಕೀಲಿಮಣೆಯ ಮೇಲೆ ಬಿತ್ತು. ಚುಕ್ಕೆ ಇನ್ನೂ ಮಿಣುಕುತ್ತಿತ್ತು. ಬಿದ್ದದ್ದು ಇ ಕೀಲಿಯ ಮೇಲೆ. ತೆಗೆದ ಉಪ್ಪನ್ನು ವಾಪಸ್ ಕೊಡಲೇ ಎಂಬ ಪ್ರಶ್ನೆ ಪರದೆಯ ಮೇಲೆ ಬಂತು, ಬಂದದ್ದೇ ತಡ ಹೊಟ್ಟೆಯಲ್ಲಿದ್ದ ಇ ಹೊರಬಿದ್ದು ಉತ್ತರವಾಯಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿದುಹೋಯಿತು. ಕೆಳಗೆ ಇನ್ನೊಂದು ಸಾಲು ಇತ್ತು: ಇನ್ನೊಂದೇ ಸಲ ಕೇಳಲಾಗುವುದು.

ಊರಿಗೆ ಊರೇ ಗುರುಪಾದಪ್ಪನ ಮೇಲೆ ಬಿತ್ತು. ಮೊದಲ ವರ್ಷವೂ ಇವನದೇ ಛತ್ರಿ ಇರಬೇಕು ಎಂದು ಯಾರೋ ಅಂದರು. ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಉಪ್ಪುಂಡ ಮನೆಗೆ ಎರಡು ಬಗೆಯಬೇಡ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು, ಹದಿನೇಳು ವರ್ಷ ಆ ಖಾನಾವಳಿಯಲ್ಲಿ ಉಂಡವಳು ನಾನು. ಬಸಲಿಂಗವ್ವ ಗುರುಪಾದಪ್ಪನಿಗೆ ಹೊಸ್ತಿಲು ಹತ್ತಬೇಡವೆಂದು ಹೇಳಿಬಿಟ್ಟಳು. ಅವನು ಅಳುಮುಖ ಮಾಡಿಕೊಂಡು ಮನೆಯಲ್ಲೇ ಉಣ್ಣತೊಡಗಿದ. ಆ ವರ್ಷ ಊರಿನಲ್ಲಿ ಹೊಟ್ಟೆ ಸರಿಯಿದ್ದವನು ಅವನೊಬ್ಬನೇ.

ಯಾಕೆಂದರೆ ಖಾನಾವಳಿಯ ಊಟ ಏನಾಗಿತ್ತು ಅಂತ ಹೇಳಬೇಕು. ಬಸಲಿಂಗವ್ವ ಚಮಚದಿಂದ ಅಳೆದವಳೇ ಅಲ್ಲ. ಕೈಯಿಂದ ಹಾಕಿ, ನಾಲಿಗೆಗೆ ಹಚ್ಚಿ ನೋಡಿ, ಬೇಕಿದ್ದರೆ ಮತ್ತಿಷ್ಟು. ಈಗ ನಾಲಿಗೆ ಏನೂ ಹೇಳುತ್ತಿರಲಿಲ್ಲ. ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದು ಮತ್ತೊಂದು ಹಿಡಿ ಹಾಕುತ್ತಿದ್ದಳು. ನಡುವೆ ಯಾರಾದರೂ ಮಾತಾಡಿಸಿದರೆ ಮೂರನೆಯದು. ಒಂದು ದಿನ ಸಾರಿನಲ್ಲಿ ಉಪ್ಪೇ ಇಲ್ಲ, ಮರುದಿನ ಮೂರು ದಿನದ್ದು ಕೂಡಿಸಿ ಹಾಕಿದಂತೆ. ಆದರೂ ಊರಿನವರು ಹೋಗಿ ಉಂಡರು. ಅಂಗಿಯ ಜೇಬಿನಲ್ಲಿ ಉಪ್ಪಿನ ಪೊಟ್ಟಣ, ಇನ್ನೊಂದು ಜೇಬಿನಲ್ಲಿ ನಿಂಬೆಹಣ್ಣು. ಪುರಸಭೆಯವರು ಅವಳ ಖಾನಾವಳಿಯ ಹೊರಗೆ ಸದ್ದಿಲ್ಲದೆ ಎರಡು ನಳ ಹೆಚ್ಚಿಗೆ ಹಾಕಿಸಿದರು. ಉಂಡು ಹೊರಬಂದವರು ಅಲ್ಲಿ ಬೊಗಸೆಯೊಡ್ಡಿ ಸಾಲಾಗಿ ನಿಲ್ಲುತ್ತಿದ್ದರು. ಡಾಕ್ಟರು ಮಾತ್ರ ರಕ್ತದೊತ್ತಡದ ಮಾತ್ರೆ ಜೇಬಿನಲ್ಲಿಟ್ಟುಕೊಂಡೇ ಉಣ್ಣಲು ಬರುತ್ತಿದ್ದರು.

ಯಾರೂ ಬಾಯಿ ಬಿಡಲಿಲ್ಲ. ಬಸಲಿಂಗವ್ವ ಊಟದ ಗಂಗಾಳ ಇಟ್ಟು, ಹೆಂಗ ಎಂದು ಬಾಯಿ ತೆರೆಯುವುದೇ ತಡ, ಚಲೋ ಆಗೇತ್ರಿ, ಚಲೋ ಆಗೇತ್ರಿ ಎಂದು ನಾಲ್ಕೂ ಕಡೆಯಿಂದ ಬರುತ್ತಿತ್ತು. ಇನ್ನೂ ತುತ್ತು ಕಲಸಿರುತ್ತಿರಲಿಲ್ಲ. ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವಳು ನಾನು. ಎರಡು ವರ್ಷ, ದಿನಕ್ಕೆ ಎರಡು ಹೊತ್ತು ಅಲ್ಲೇ ಉಂಡೆ. ಪಾಪ ತೊಳೆಯಲಿ ಅಂತ ಉಂಡೆ, ತೊಳೆಯಲಿಲ್ಲ, ಬಾಯಾರಿಕೆ ಹೆಚ್ಚಾಯಿತು.

ಆದರೆ ಅವಳೇನು ದಡ್ಡಿಯೇ? ಮೂವತ್ತೊಂದು ವರ್ಷ ಜನರ ಮುಖ ನೋಡಿ ಬಡಿಸಿದವಳು. ಈ ವರ್ಷದ ಯುಗಾದಿಗೆ ಒಂದು ತಿಂಗಳಿರುವಾಗ, ನಾನು ಕೈ ತೊಳೆಯುವ ಹೊತ್ತಿಗೆ ಹಿಂದೆ ಬಂದು ನಿಂತಳು.

"ದಾಕ್ಷಾಯಣೀ, ನನಗ ಯಾರೂ ಖರೇ ಹೇಳವಲ್ರು," ಅಂದಳು. "ಈ ಸಲ ಉಪ್ಪು ಬರಲಿಲ್ಲಂದ್ರ ಒಲಿ ಆರಿಸಿಬಿಡ್ತೀನಿ. ರುಚಿ ಗೊತ್ತಿಲ್ಲದಾಕಿ ಮಂದಿಗೆ ಉಣ್ಣಾಕ ನೀಡಬಾರದು."

ಹಾಗಲ್ಲ ಬಿಡು ಎಂದು ನಾನು ಏನೋ ಅನ್ನಹೋದೆ. ಅವಳು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಯಂತ್ರ ಇನ್ನೊಂದೇ ಸಲ ಕೇಳುತ್ತದೆ, ಆ ಒಂದು ಸಲ ಯಾರ ಛತ್ರಿಯೂ, ಯಾರ ಮೊಣಕೈಯೂ, ಮುಖ್ಯವಾಗಿ ನನ್ನ ಬೆರಳೂ ಮೊದಲೇ ಹೋಗಿ ಯಂತ್ರದ ಹೊಟ್ಟೆಯಲ್ಲಿ ಕೂತಿರಬಾರದು. ಪುರಸಭೆಯ ನೌಕರರಿಗೆ ಈ ವರ್ಷಕ್ಕೊಂದೇ ಸಲ ಎಂಬ ನಿಯಮವಿಲ್ಲ, ಯಾವ ದಿನ ಬೇಕಾದರೂ, ಎಷ್ಟು ಸಲ ಬೇಕಾದರೂ ಯಂತ್ರದ ಮುಂದೆ ಕೂರಬಹುದು. ಜನರ ಸಾಲಿಲ್ಲದ ದಿನ ನೋಡಿ ಕೂರಿಸುತ್ತೇನೆ, ಬಸಲಿಂಗವ್ವನನ್ನು ಒಂದು ದಿನದ ಮಟ್ಟಿಗೆ ನೌಕರಳೆಂದು ಬರೆದುಕೊಳ್ಳಿ ಎಂದು ಅಧ್ಯಕ್ಷರ ಬಳಿ ಹೋದೆ. ಒಂದು ದಿನದ ನೇಮಕಾತಿಗೆ ಮೂರು ವರ್ಷ ಹಿಡಿಯುತ್ತದೆ ಎಂದು ಅವರು ಬಹಳ ಮರ್ಯಾದೆಯಿಂದ ಹೇಳಿ ಕಳಿಸಿದರು.

ಉಳಿದದ್ದು ಒಂದೇ ದಾರಿ. ಯಂತ್ರ ತನ್ನಷ್ಟಕ್ಕೆ ಏನನ್ನೂ ಕೇಳುವುದಿಲ್ಲ, ಅದರೊಳಗೊಂದು ಸ್ಕ್ರಿಪ್ಟು ಇರುತ್ತದೆ. ಸಾಲಿನ ಕೆಳಗೆ ಸಾಲು. ಮೇಲಿನಿಂದ ಓದಿಕೊಂಡು ಬಂದು ಸಾಲು ಹೇಳಿದ್ದನ್ನು ಮಾಡುವುದಷ್ಟೇ ಅದರ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ನಾನು ಅದನ್ನು ತೆರೆದು ನೋಡಿದವಳಲ್ಲ. ಈಗ ತೆರೆದೆ. ಪ್ರಶ್ನೆಯ ಸಾಲುಗಳು ಇದ್ದವು, ಯೋಚಿಸು ಎಂಬ ಸಾಲುಗಳು ಇದ್ದವು, ಹೊಟ್ಟೆ ತೊಳೆದುಕೋ ಎಂದು ಹೇಳುವ ಸಾಲು ಒಂದೂ ಇರಲಿಲ್ಲ. ನಾನೇ ಬರೆಯುತ್ತೇನೆ ಎಂದು ಕೂತೆ.

ಪರೀಕ್ಷೆ ಮಾಡಲು ಒಬ್ಬ ನೌಕರ ಬೇಕಲ್ಲ, ಜವಾನ ಇಮಾಮಸಾಬನನ್ನು ಕರೆದೆ. ನಿವೃತ್ತಿಗೆ ಎರಡು ವರ್ಷ ಉಳಿದ ಮನುಷ್ಯ, ಯಾವುದಕ್ಕೂ ಇಲ್ಲ ಅನ್ನುವ ಸ್ವಭಾವ ಅವನದಲ್ಲ. ಮೊದಲು ನಾನು ಸ್ಕ್ರಿಪ್ಟಿನ ಆರಂಭದಲ್ಲೇ, ಹೊಟ್ಟೆಯಲ್ಲಿರುವ ಒತ್ತನ್ನು ಓದಿ ಎಸೆ ಎಂದು ಒಂದು ಸಾಲು ಬರೆದೆ. ಇಮಾಮಸಾಬ ಸ್ಟೂಲಿನ ಮೇಲೆ ಕೂತು, ಚುಕ್ಕೆ ಮಿಣುಕುವಾಗ ಬೇಕೆಂದೇ ಇ ಒತ್ತಿದ. ಎಸೆಯುವ ಸಾಲು ಆಗಲೇ ದಾಟಿಹೋಗಿತ್ತು, ಒತ್ತಿದ್ದು ಆಮೇಲೆ. ಅವನ ನೆರಳು ಹೋಯಿತು. ತಪ್ಪು ನನ್ನದೇ. ಊಟಕ್ಕೆ ಕೂರುವಾಗ ಎಲೆ ಒರೆಸಬೇಕು, ಮುಂಜಾನೆಯೇ ಒರೆಸಿಟ್ಟರೆ ನೊಣ ಕೂರದೆ ಬಿಡುತ್ತದೆಯೇ? ಸಾಲನ್ನು ಅಲ್ಲಿಂದ ತೆಗೆದು, ಚುಕ್ಕೆ ಮುಗಿದ ಮೇಲೆ, ಪ್ರಶ್ನೆಯ ನೆತ್ತಿಯ ಮೇಲೆಯೇ ಇಟ್ಟೆ.

ಈ ಸಲ ಇಮಾಮಸಾಬ ಮೂರು ಸಲ ಒತ್ತಿದ. ಯಂತ್ರ ಒಂದನ್ನು ಎಸೆದು ಎರಡನ್ನು ಇಟ್ಟುಕೊಂಡಿತು. ಬರೆದದ್ದು ಒಂದನ್ನು ಎಸೆ ಎಂದಲ್ಲವೇ, ಅದರ ತಪ್ಪೇನು. ಎಸೆಯುತ್ತಲೇ ಇರು ಎಂದು ಬದಲಿಸಿದೆ. ಅದು ಇನ್ನೂ ಚೆಂದವಾಯಿತು. ಇದ್ದದ್ದನ್ನೆಲ್ಲ ಎಸೆದು ಮುಗಿಸಿದ ಮೇಲೂ ಯಂತ್ರ, ಇನ್ನೊಂದು ಬರಲಿ ಎಸೆಯುತ್ತೇನೆ ಎಂದು ಬಾಯಿ ತೆರೆದುಕೊಂಡು ಕೂತುಬಿಟ್ಟಿತು. ಪರದೆ ಖಾಲಿ. ಪ್ರಶ್ನೆಯೇ ಇಲ್ಲ. ಇಮಾಮಸಾಬ ಒತ್ತಿದ್ದನ್ನೆಲ್ಲ ನುಂಗಿತು. ಅವನು ಪಾಪ ಮಧ್ಯಾಹ್ನದವರೆಗೆ ಒಂದೇ ಸಮನೆ ಒತ್ತುತ್ತ ಕೂತಿದ್ದ, ಕೊನೆಗೆ ನನ್ನನ್ನು ಕರೆದು, ಅಕ್ಕಾರ, ಇದಕ್ಕ ಬಕಾಸುರನ ಹಸಿವು ಬಂದೈತ್ರಿ, ಬೆರಳು ನೋಯ್ತಾವು ಅಂದ.

ಹನ್ನೊಂದು ದಿನ ಹೀಗೆ ಕಳೆಯಿತು. ಅಷ್ಟೂ ದಿನ ಇಮಾಮಸಾಬ ನೆರಳಿಲ್ಲದೆ ಓಡಾಡಿದ. ಬಿಸಿಲಿನಲ್ಲಿ ಹಗುರ ಅನ್ನಿಸುತ್ತದೆ ಎಂದು ಅವನೇ ನನ್ನನ್ನು ಸಮಾಧಾನ ಮಾಡುತ್ತಿದ್ದ. ಹನ್ನೆರಡನೆಯ ದಿನ ನನಗೆ ಹೊಳೆಯಿತು. ಮೊದಲು ಇಣುಕಿ ನೋಡು, ಇದ್ದರೆ ಮಾತ್ರ ತೆಗೆದು ಎಸೆ, ಮತ್ತೆ ಇಣುಕು. ಏನೂ ಇಲ್ಲದಿದ್ದರೆ ಕೈ ತೊಳೆದುಕೊಂಡು ಪ್ರಶ್ನೆ ಕೇಳು. ಇಷ್ಟೇ. ಅಡುಗೆಮನೆಯಲ್ಲಿ ಡಬ್ಬಿ ತೊಳೆಯುವ ಪ್ರತಿ ಹೆಂಗಸಿಗೂ ಗೊತ್ತಿರುವ ಮಾತನ್ನು ಬರೆಯಲು ಪದಕದವಳಿಗೆ ಹನ್ನೆರಡು ದಿನ ಬೇಕಾಯಿತು. ಬರೆದು, ಕೀಲಿಮಣೆಯ ಮೇಲೆ ಒಂದು ಬೊಗಸೆ ಶೇಂಗಾ ಸುರಿದೆವು. ಚುಕ್ಕೆ ಮಿಣುಕಿತು, ನಿಂತಿತು, ಪ್ರಶ್ನೆ ಬಂತು, ಬಂದು ಹಾಗೇ ನಿಂತಿತು. ಇಮಾಮಸಾಬ ಅದನ್ನು ನಿಧಾನವಾಗಿ ಓದಿ, ಹ ಒತ್ತಿ, ತನ್ನ ನೆರಳನ್ನು ಕರೆದುಕೊಂಡು ಮನೆಗೆ ಹೋದ.

ಇನ್ನೊಂದು ಕೆಲಸ ಮಾಡಿದೆ. ಬಸಲಿಂಗವ್ವನಿಗೆ ಹೋಗಿ, ಈ ಸಲ ನಾನು ಒತ್ತುವುದಿಲ್ಲ, ನೀನೇ ಓದಿ ನೀನೇ ಒತ್ತಬೇಕು ಎಂದೆ. ಅವಳಿಗೆ ಅಕ್ಷರ ಬರುತ್ತಿತ್ತು, ಆದರೆ ಬಸ್ಸಿನ ಬೋರ್ಡು ಓದುವಷ್ಟು, ಅದೂ ಬಸ್ಸು ನಿಂತಿದ್ದರೆ. ಯಾಕೆ, ಇಷ್ಟು ವರ್ಷ ನೀನೇ ಒತ್ತಿದವಳಲ್ಲವೇ ಎಂದು ಕೇಳಿದಳು. ಕಾರಣ ಹೇಳಲು ಆಗ ಒಳ್ಳೆಯ ಸಂದರ್ಭವಿತ್ತು. ನಾನು ನಿಯಮ ಬದಲಾಗಿದೆ ಅಂದೆ.

ಯುಗಾದಿ ಕಳೆದು ಅವಳ ಸರದಿ ಬಂದ ದಿನ ಪುರಸಭೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಲಿನಲ್ಲಿರುವವರೆಲ್ಲ ಎರಡೂ ಕೈ ಕಂಕುಳಲ್ಲಿ ಇಟ್ಟುಕೊಳ್ಳಬೇಕೆಂದು ಇಮಾಮಸಾಬ ಕೂಗಿ ಹೇಳಿದ್ದ, ಎಲ್ಲರೂ ಇಟ್ಟುಕೊಂಡಿದ್ದರು. ಗುರುಪಾದಪ್ಪನ ಛತ್ರಿಯನ್ನು ಬಾಗಿಲಲ್ಲೇ ಕಸಿದುಕೊಂಡಿದ್ದೆವು. ಬಸಲಿಂಗವ್ವ ಒಂದು ಸ್ಟೀಲಿನ ಗಡಿಗೆ ಹೊತ್ತು ತಂದಿದ್ದಳು. ಮುಂಜಾನೆ ಮಾಡಿದ ಸಾರು. ಉಪ್ಪು ಬಂದದ್ದೇ ಆದರೆ ಮೊದಲು ತನ್ನ ಕೈಯ ಅಡುಗೆಯೇ ನಾಲಿಗೆಗೆ ತಾಗಬೇಕು ಅಂದಳು. ಗಡಿಗೆಯನ್ನು ನೋಡಿ ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅವಳು ಕೂತಳು. ಚುಕ್ಕೆ ಮಿಣುಕತೊಡಗಿತು. ನಾನು ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟು ಅವುಗಳ ಮೇಲೆ ಕೂತುಬಿಟ್ಟೆ, ಅಷ್ಟು ನಂಬಿಕೆ ನನಗೆ ಅವುಗಳ ಮೇಲೆ. ಏನಾಗುತ್ತದೆ ನೋಡೋಣ ಎಂದು ಗುರುಪಾದಪ್ಪ ಹಿಂದಿನಿಂದ ಕತ್ತು ಚಾಚಿದ, ಇನ್ನೂ ಚಾಚಿದ, ಕೈ ಕಂಕುಳಲ್ಲಿದ್ದದ್ದರಿಂದ ಜೋಲಿ ತಪ್ಪಿ ಮುಗ್ಗರಿಸಿದ. ಅವನ ಗಲ್ಲ ನೆಟ್ಟಗೆ ಬಂದು ಕೀಲಿಮಣೆಯ ಮೇಲೆ ಬಿತ್ತು. ಟಕಟಕಟಕ ಎಂದು ಎಷ್ಟು ಕೀಲಿ ಒತ್ತಿಹೋದವೋ ಲೆಕ್ಕವಿಲ್ಲ. ಹೆಂಗಸರು ಹೋಯ್ ಎಂದರು. ಬಸಲಿಂಗವ್ವ ಕಣ್ಣು ಮುಚ್ಚಿಕೊಂಡಳು.

ಚುಕ್ಕೆ ನಿಂತಿತು. ಪರದೆ ಖಾಲಿಯಾಯಿತು. ಪ್ರಶ್ನೆ ಬರಲಿಲ್ಲ. ಇಮಾಮಸಾಬ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಬಾಯಿ ತೆರೆದುಕೊಂಡು ಕೂತುಬಿಟ್ಟಿತೇ? ಅಥವಾ ಗುರುಪಾದಪ್ಪನ ಗಲ್ಲದ ಒತ್ತುಗಳು ಅಷ್ಟೊಂದಿದ್ದವೇ? ಗುರುಪಾದಪ್ಪ ಗಲ್ಲ ತಿಕ್ಕಿಕೊಳ್ಳುತ್ತ, ನಿಂತೈತಿ ಅದು, ಏನರ ಒಂದು ಒತ್ತು ಅಂದ. ಸಾಲಿನಲ್ಲಿ ಇನ್ನೂ ನಾಲ್ಕು ಜನ ಅದನ್ನೇ ಅಂದರು. ನನ್ನ ಬೆರಳು ತೊಡೆಯ ಕೆಳಗೆ ತಾವೇ ಹ ಒತ್ತುತ್ತಿದ್ದವು, ಸೀರೆಯೊಳಗೇ ಒತ್ತುತ್ತಿದ್ದವು. ಹ ಒತ್ತಿದರೆ ತಪ್ಪೇನು, ಬೇಕಾದ ಉತ್ತರ ಅದೇ ತಾನೇ ಎಂದು ಮನಸ್ಸೂ ಹೇಳಿತು. ಎರಡು ವರ್ಷದ ಹಿಂದೆಯೂ ಅದು ಹೀಗೇ ಹೇಳಿತ್ತು. ನಾನು ಹಲ್ಲು ಕಚ್ಚಿ ಕೂತೆ.

ಆಮೇಲೆ ಪ್ರಶ್ನೆ ಬಂತು. ಬಂದು ನಿಂತಿತು. ಯಾವ ಉತ್ತರವೂ ಒಳಗಿನಿಂದ ಓಡಿ ಬರಲಿಲ್ಲ. ಬಿಳಿಯ ಗೆರೆಯೊಂದು ಅದರ ಪಕ್ಕದಲ್ಲಿ ಹೊಡೆದುಕೊಳ್ಳುತ್ತ ಕಾಯುತ್ತಿತ್ತು. ಬಸಲಿಂಗವ್ವ ಕಣ್ಣು ತೆರೆದು, ಬೆರಳು ಹಚ್ಚಿ ಓದತೊಡಗಿದಳು. ತೆ. ಗೆ. ದ. ಉಪ್ಪು ಎಂಬಲ್ಲಿ ಬೆರಳನ್ನು ಒಮ್ಮೆ ಒತ್ತಿ ಹಿಡಿದಳು. ಕೊಡಲೇ ಎಂಬುದರವರೆಗೆ ಪೂರ್ತಿ ಓದಿದಳು, ಮತ್ತೊಂದು ಸಲ ಮೊದಲಿನಿಂದ ಓದಿದಳು. ಇಮಾಮಸಾಬನನ್ನು ಬಿಟ್ಟರೆ, ಇಷ್ಟು ವರ್ಷದಲ್ಲಿ ಆ ಯಂತ್ರ ಕೇಳಿದ್ದನ್ನು ಕೊನೆಯವರೆಗೆ ಕೇಳಿಸಿಕೊಂಡವಳು ಅವಳೇ ಮೊದಲನೆಯವಳು ಅನ್ನಿಸುತ್ತದೆ. ಆಮೇಲೆ ಹ ಕೀಲಿಯನ್ನು ಹುಡುಕಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒಂದೇ ಸಲ ಒತ್ತಿದಳು.

ಕೊಡಲಾಗಿದೆ ಎಂದು ಬಂತು. ನಾನು ಜೋರಾಗಿ ಅತ್ತುಬಿಟ್ಟೆ, ನಾಚಿಕೆಯೇನಿಲ್ಲ ಹೇಳಲು. ಉಳಿದ ಪ್ರಶ್ನೆಗಳನ್ನೂ ಅವಳು ಅಷ್ಟೇ ನಿಧಾನವಾಗಿ ಓದಿ ಒತ್ತಿ, ಎದ್ದು, ಮೆಟ್ಟಿಲು ಇಳಿದಳು. ಕೊನೆಯ ಮೆಟ್ಟಿಲ ಮೇಲೆ ಕೂತು ಗಡಿಗೆಯ ಮುಚ್ಚಳ ತೆಗೆದು, ಸೌಟಿನಿಂದ ಅಂಗೈಗೆ ಸಾರು ಹಾಕಿಕೊಂಡು ಬಾಯಿಗೆ ಇಟ್ಟಳು. ಊರೆಲ್ಲ ಸುತ್ತ ನಿಂತಿತ್ತು. ಅವಳ ಮುಖ ಮೊದಲು ಅರಳಿತು. ಆಮೇಲೆ ಕಣ್ಣು ಕಿರಿದಾದವು, ತುಟಿ ಹಿಂಡಿಕೊಂಡವು, ಥೂ ಎಂದು ಪಕ್ಕಕ್ಕೆ ಉಗುಳಿ ಸೆರಗಿನಿಂದ ನಾಲಿಗೆ ಒರೆಸಿಕೊಂಡಳು. ಹೆಂಗ ಎಂದು ಅವಳು ಇನ್ನೂ ಕೇಳಿಯೇ ಇರಲಿಲ್ಲ, ಅಭ್ಯಾಸಬಲದಿಂದ ಇಬ್ಬರು ಮೂವರು ಚಲೋ ಆಗೇತ್ರಿ ಅಂದುಬಿಟ್ಟರು.

ಬಸಲಿಂಗವ್ವ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಡಾಕ್ಟರು ನೆಲ ನೋಡಿದರು. ಇಮಾಮಸಾಬ ತನ್ನ ನೆರಳು ನೋಡಿಕೊಂಡ. ಗುರುಪಾದಪ್ಪ ಒಬ್ಬನೇ ಏನೂ ತಿಳಿಯದವನಂತೆ ಗಲ್ಲ ತಿಕ್ಕುತ್ತ ನಿಂತಿದ್ದ. ಕೊನೆಗೆ ಅವಳ ಕಣ್ಣು ನನ್ನ ಮೇಲೆ ಬಂದು ನಿಂತಿತು.

"ಇದನ್ನ ಎರಡು ವರ್ಷ ಉಂಡಿಯೇನ?"

ಹೂಂ ಅಂದೆ.

"ದಿನಾ?"

ಎರಡು ಹೊತ್ತು ಅಂದೆ.

"ಮಂದಿ ನನ್ನ ಮಾರಿ ನೋಡಿ ಉಂಡಾರು, ವಾರಕ್ಕ ಒಂದು ಸಲ, ಎರಡು ಸಲ. ನೀ ಯಾಕ ದಿನಾ ಉಂಡಿ?"

ಉತ್ತರ ಎರಡು ವರ್ಷದಿಂದ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ನಿನ್ನ ಮೇಲಿನ ಪ್ರೀತಿಗೆ, ಮನೆಯಲ್ಲಿ ಒಲೆ ಹಚ್ಚುವ ಬೇಸರಕ್ಕೆ, ಹೀಗೆ ಏಳೆಂಟು ಇದ್ದವು, ಯಾವುದನ್ನು ಬೇಕಾದರೂ ಟಕ್ಕನೆ ಹೇಳಬಹುದಿತ್ತು. ಅವನ್ನೆಲ್ಲ ನುಂಗಿದೆ. ಬಾಯಿ ಖಾಲಿಯಾದ ಮೇಲೆ ಹೇಳಿದೆ.

"ಗುರುಪಾದಪ್ಪನ ತಪ್ಪು ಎರಡನೇ ವರ್ಷದ್ದು ಅಷ್ಟ. ಮೊದಲನೇದು ನಂದು. ನೀ ಏನ ಕೇಳ್ತೈತಿ ಅಂತ ನೋಡೂದರಾಗ ನಾ ಏಳೂ ಒತ್ತಿ ಚಾ ಕುಡ್ಯಾಕ ಹತ್ತಿದ್ದೆ."

ಅವಳು ಬೈದಿದ್ದರೆ ಚೆನ್ನಾಗಿತ್ತು, ನಾನು ಕೈ ಜೋಡಿಸಿ ಏನಾದರೂ ಹೇಳುತ್ತಿದ್ದೆ. ಅವಳು ಗಡಿಗೆಯಲ್ಲಿ ಸೌಟನ್ನು ಒಂದು ಸುತ್ತು ತಿರುಗಿಸಿದಳು. ಆಮೇಲೆ ಗುರುಪಾದಪ್ಪನ ಕಡೆ ತಿರುಗಿ, ಸಂಜೀಕ ಊಟಕ್ಕ ಬಾರಪ್ಪಾ ಅಂದಳು. ಅವನು ಆ ಗಳಿಗೆಯೇ ಹೊರಡಲು ಸಿದ್ಧನಾದ. ನನಗೆ ಪಕ್ಕದ ಮೆಟ್ಟಿಲು ತೋರಿಸಿದಳು, ಕೂತೆ. ಗಡಿಗೆಯನ್ನು ನನ್ನ ಮುಂದೆ ತಳ್ಳಿ, ಸೌಟನ್ನು ಕೈಗೆ ಕೊಟ್ಟಳು.

"ಮುಗಿಸು," ಅಂದಳು.

ನಾನು ಉಣ್ಣತೊಡಗಿದೆ. ಮೂರು ಹಿಡಿ ಬಿದ್ದ ದಿನದ ಸಾರು ಅದು. ಜನ ಒಬ್ಬೊಬ್ಬರಾಗಿ ತಮ್ಮ ಸಾಲಿಗೆ ಮರಳಿದರು, ಒಳಗೆ ಇಮಾಮಸಾಬ ಮುಂದಿನವರ ಹೆಸರು ಕೂಗಿದ. ಬಸಲಿಂಗವ್ವ ಎದುರಿಗೆ ಗಲ್ಲಕ್ಕೆ ಕೈ ಹಚ್ಚಿ ಕೂತು ಪ್ರತಿ ಸೌಟನ್ನೂ ನೋಡಿದಳು. ಗಡಿಗೆ ಅರ್ಧವಾದಾಗ ಎದ್ದು ಹೋಗಿ, ಅಂಗಳದ ನಳದಿಂದ ಒಂದು ತಂಬಿಗೆ ನೀರು ತುಂಬಿ ತಂದು ನನ್ನ ಪಕ್ಕದಲ್ಲಿಟ್ಟಳು. ಇಟ್ಟು, ಮತ್ತೆ ಎದುರಿಗೆ ಕೂತಳು.